ಹೊಣೆ, ಠೇವಣಿ ಮತ್ತು ದಂಡ: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ನ್ಯಾಯಪರಂಪರೆಯಲ್ಲಿ ಜಾಮೀನಿನ ಹಣ

ನ್ಯಾಯಾಲಯದ ವ್ಯವಹಾರದಲ್ಲಿ ಹಣವು ಎರಡು ಬೇರೆ ಬೇರೆ ಕಾರಣಗಳಿಗಾಗಿ ಕೈ ಬದಲಾಯಿಸುತ್ತದೆ. ಆರೋಪಿಯು ಕರೆದ ದಿನ ಹಾಜರಾಗುವನೆಂಬ ಭರವಸೆಗಾಗಿ ಇಡುವ ಹಣ ಒಂದು. ಅಪರಾಧ ಸಾಬೀತಾದ ಮೇಲೆ ಶಿಕ್ಷೆಯಾಗಿ ಕಟ್ಟುವ ಹಣ ಇನ್ನೊಂದು. ಮೊದಲನೆಯದು ಜಾಮೀನು, ಎರಡನೆಯದು ದಂಡ. ಮೊದಲನೆಯದು ಮರಳಿ ಬರಬೇಕಾದದ್ದು, ಎರಡನೆಯದು ಮರಳಿ ಬಾರದಂಥದ್ದು. ಇವುಗಳ ನಡುವಿನ ಗೆರೆ ಕಾನೂನಿನ ಪುಸ್ತಕದಲ್ಲಿ ಎಷ್ಟು ಸ್ಪಷ್ಟವಾಗಿದೆಯೋ ಜನಜೀವನದಲ್ಲಿ ಅಷ್ಟು ಸ್ಪಷ್ಟವಾಗಿಲ್ಲ. ಇಟ್ಟ ಜಾಮೀನಿನ ಹಣದಲ್ಲಿಯೇ ದಂಡವನ್ನೂ ಖರ್ಚನ್ನೂ ಮುರಿದುಕೊಳ್ಳುವುದು ಸರಿಯೇ ಎಂಬ ಪ್ರಶ್ನೆಯ ಹಿಂದೆ, ಆ ಹಣ ಯಾರದು, ಯಾವ ಮಾತಿಗೆ ಕಟ್ಟುಬಿದ್ದದ್ದು ಎಂಬ ಹಳೆಯ ಪ್ರಶ್ನೆಯಿದೆ.

ಶಿವಮೊಗ್ಗ ಜಿಲ್ಲೆಯ ಪಶ್ಚಿಮ ಭಾಗದ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳು ಈ ಪ್ರಶ್ನೆಯ ಅಧ್ಯಯನಕ್ಕೆ ಹಲವು ಕಾರಣಗಳಿಂದ ಸೂಕ್ತವಾಗಿವೆ. ಕೆಳದಿ ಅರಸರ ಮೂರು ರಾಜಧಾನಿಗಳಾದ ಕೆಳದಿ, ಇಕ್ಕೇರಿ, ಬಿದನೂರುಗಳೂ ಅವರ ಪ್ರಮುಖ ಕೋಟೆಯಾದ ಕವಲೇದುರ್ಗವೂ ಇದೇ ನೆಲದಲ್ಲಿವೆ. ಭೂಕಂದಾಯದ ಶಿಸ್ತಿಗೆ ಹೆಸರಾದ ಆಳ್ವಿಕೆ, ದೈವದ ಮುಂದೆ ನ್ಯಾಯ ಕೇಳುವ ಜನಪದ ಪದ್ಧತಿ, ಗೇಣಿದಾರರ ಹೋರಾಟ ಇವೆಲ್ಲವೂ ಇಲ್ಲಿ ಒಂದೇ ಭೂಭಾಗದಲ್ಲಿ ಸಾಲಾಗಿ ಕಾಣಸಿಗುತ್ತವೆ. ಈ ಸಾಲಿನಲ್ಲಿ ಹೊಣೆಗಾರಿಕೆಯ ಕಲ್ಪನೆ ಹೇಗೆ ಬೆಳೆದುಬಂದಿತು, ಹಾಜರಿಗಾಗಿ ಇಟ್ಟ ಹಣ ದಂಡಕ್ಕೆ ಸಲ್ಲಬಹುದೇ ಎಂಬ ಬಗ್ಗೆ ಶಾಸ್ತ್ರ, ಆಳ್ವಿಕೆ, ಜನಪದ ಮತ್ತು ಆಧುನಿಕ ಕಾನೂನು ತಳೆದ ನಿಲುವುಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪದಗಳು ತಿಳಿಸುವ ಚರಿತ್ರೆ

ಜಾಮೀನಿಗೆ ಸಂಬಂಧಿಸಿದ ಕನ್ನಡದ ಪದಸಂಪತ್ತು ಮೂರು ಪದರುಗಳಿಂದ ಕೂಡಿದೆ. ಅತ್ಯಂತ ಹಳೆಯ ಪದರಿನಲ್ಲಿ ‘ಹೊಣೆ’ ಇದೆ. ಹಳಗನ್ನಡದ ‘ಪೊಣೆ’ ಇದರ ಮೂಲರೂಪ. ತಮಿಳಿನ ‘ಪುಣೈ’ ಇದರ ಜ್ಞಾತಿಪದವಾಗಿದ್ದು, ಅಲ್ಲಿ ಅದಕ್ಕೆ ತೆಪ್ಪ ಎಂಬ ಅರ್ಥವೂ ಭದ್ರತೆ ಎಂಬ ಅರ್ಥವೂ ಉಂಟು. ಮುಳುಗುವವನನ್ನು ತೇಲಿಸಿಕೊಂಡು ದಡ ಸೇರಿಸುವುದು ತೆಪ್ಪ. ಕಷ್ಟದಲ್ಲಿರುವವನ ಭಾರವನ್ನು ತನ್ನ ಮೇಲೆ ಹೊತ್ತು ನಿಲ್ಲುವವನು ಹೊಣೆಗಾರ. ಇಲ್ಲಿ ಗಮನಿಸಬೇಕಾದದ್ದೆಂದರೆ, ‘ಹೊಣೆ’ ಎಂಬುದು ಮೂಲತಃ ಮನುಷ್ಯನಿಗೆ ಸಂಬಂಧಿಸಿದ ಪದ, ಹಣಕ್ಕೆ ಸಂಬಂಧಿಸಿದ್ದಲ್ಲ. ‘ಹೊಣೆ ನಿಲ್ಲುವುದು’, ‘ಹೊಣೆ ಹೊರುವುದು’ ಎಂಬ ಪ್ರಯೋಗಗಳಲ್ಲಿ ನಿಲ್ಲುವ ಕಾಲೂ ಹೊರುವ ಹೆಗಲೂ ಇವೆ. ವಸ್ತುವನ್ನು ಇಟ್ಟು ಭರವಸೆ ಕೊಡುವುದಕ್ಕೆ ಭಾಷೆ ಬೇರೆಯೇ ಪದಗಳನ್ನು ಇಟ್ಟುಕೊಂಡಿದೆ: ಅಡವು, ಒತ್ತೆ, ಈಡು.

ಎರಡನೆಯ ಪದರು ಆಡಳಿತದ ಮೂಲಕ ಬಂದದ್ದು. ‘ಜಾಮೀನು’ ಅರಬ್ಬೀ ಮೂಲದ್ದು, ಫಾರಸಿಯ ಮೂಲಕ ಕಂದಾಯದ ಲೆಕ್ಕಪತ್ರಗಳಿಗೆ ಬಂದು ಅಲ್ಲಿಂದ ನ್ಯಾಯಾಲಯಕ್ಕೆ ನಡೆದ ಪದ. ‘ಮುಚ್ಚಳಿಕೆ’ಯೂ ಫಾರಸಿ ಆಡಳಿತಭಾಷೆಯ ದಾರಿಯಿಂದಲೇ ಬಂದಿದೆ. ಮರಾಠಿಯೊಡನೆ ಹಂಚಿಕೊಂಡ ‘ಠೇವಣಿ’ ಹಣವನ್ನು ಒಂದೆಡೆ ಇಡುವುದನ್ನು ಸೂಚಿಸುತ್ತದೆ. ಮೂರನೆಯ ಪದರಿನಲ್ಲಿ ಇಂದಿನ ಕಾನೂನು ಕನ್ನಡದ ‘ಪ್ರತಿಭೂತಿ’, ‘ಬಂಧಪತ್ರ’ ಮುಂತಾದ ಸಂಸ್ಕೃತ ರೂಪಗಳಿವೆ.

ಹೊಣೆಯಿಂದ ಜಾಮೀನಿಗೆ, ಜಾಮೀನಿನಿಂದ ಠೇವಣಿಗೆ ಬರುವ ಈ ಕ್ರಮವು ಒಂದು ಸಾಮಾಜಿಕ ಬದಲಾವಣೆಯನ್ನೂ ಸೂಚಿಸುತ್ತದೆ. ಮನುಷ್ಯ ನಿಂತ ಕಡೆ ಕಾಗದ ಬಂದಿತು, ಕಾಗದದ ಕಡೆ ಹಣ ಬಂದಿತು. ಮನುಷ್ಯ ಹೊಣೆ ನಿಂತಾಗ ಅವನನ್ನು ದಂಡಕ್ಕೆ ‘ಮುರಿದುಕೊಳ್ಳಲು’ ಬರುವುದಿಲ್ಲ. ಹಣ ಬಂದ ಮೇಲೆಯೇ ಅದನ್ನು ಇನ್ನೊಂದು ಲೆಕ್ಕಕ್ಕೆ ವರ್ಗಾಯಿಸುವ ಆಸೆಯೂ ಅವಕಾಶವೂ ಹುಟ್ಟುತ್ತವೆ.

2. ಮಿತಾಕ್ಷರೆಯ ವಿಂಗಡಣೆ

ಹೊಣೆಗಾರಿಕೆಯ ಬಗ್ಗೆ ಕರ್ನಾಟಕದ ನೆಲದಲ್ಲಿ ನಡೆದ ಅತ್ಯಂತ ಸೂಕ್ಷ್ಮವಾದ ಶಾಸ್ತ್ರೀಯ ಚರ್ಚೆ ವಿಜ್ಞಾನೇಶ್ವರನ ಮಿತಾಕ್ಷರೆಯಲ್ಲಿ ಕಾಣುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ರಚಿತವಾದ ಈ ಕೃತಿ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನ. ದಾಯಭಾಗದ ವಿಚಾರಕ್ಕಾಗಿ ಅದು ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲಿ ಪ್ರಸಿದ್ಧವಾಯಿತು. ಅದರ ವ್ಯವಹಾರಕಾಂಡದಲ್ಲಿ ಹೊಣೆಯ ಕುರಿತು ಹೇಳಿರುವುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಯಾಜ್ಞವಲ್ಕ್ಯನು ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಕರೆದಾಗ ವ್ಯಕ್ತಿಯನ್ನು ತಂದು ತೋರಿಸುವ ಹೊಣೆ, ಆತ ನಂಬಿಕೆಗೆ ಅರ್ಹನೆಂದು ಹೇಳುವ ಹೊಣೆ, ಆತ ಕೊಡದಿದ್ದರೆ ತಾನು ಕೊಡುವ ಹೊಣೆ. ದರ್ಶನ, ಪ್ರತ್ಯಯ ಮತ್ತು ದಾನ ಎಂಬುದು ಇವುಗಳ ಶಾಸ್ತ್ರೀಯ ಹೆಸರು. ಮೊದಲೆರಡು ಬಗೆಯ ಹೊಣೆಗಾರರು ಮಾತಿಗೆ ತಪ್ಪಿದರೆ ತಾವೇ ಹಣ ತೆರಬೇಕು. ಆದರೆ ಅವರು ತೀರಿಕೊಂಡರೆ ಮಕ್ಕಳು ಆ ಭಾರಕ್ಕೆ ಬದ್ಧರಲ್ಲ. ಮೂರನೆಯ ಬಗೆಯ ಹೊಣೆ ಮಾತ್ರ ಮಕ್ಕಳಿಗೂ ಹರಿಯುತ್ತದೆ. ಹಾಜರಿಯ ಭರವಸೆ ವ್ಯಕ್ತಿಗೆ ಅಂಟಿದ್ದು, ಹಣದ ಭರವಸೆ ಆಸ್ತಿಗೆ ಅಂಟಿದ್ದು ಎಂಬ ತಿಳಿವಳಿಕೆ ಈ ನಿಯಮದ ಅಡಿಯಲ್ಲಿದೆ. ಆಧುನಿಕ ಕಾನೂನು ಬಿಡಿಸಿ ಹೇಳುವ ಭೇದವನ್ನು ಸ್ಮೃತಿಕಾರರು ಬಹು ಹಿಂದೆಯೇ ಗುರುತಿಸಿದ್ದರು.

ಆದರೆ ಅದೇ ಸ್ಮೃತಿಯು ನ್ಯಾಯಸಭೆಯ ವ್ಯಾಜ್ಯಕ್ಕೆ ಬಂದಾಗ ಬೇರೊಂದು ನಿಯಮವನ್ನು ಹೇಳುತ್ತದೆ. ವಾದಿ, ಪ್ರತಿವಾದಿಗಳಿಬ್ಬರಿಂದಲೂ ತೀರ್ಪಿನ ಫಲವನ್ನು ನೆರವೇರಿಸಲು ಶಕ್ತನಾದ ಹೊಣೆಗಾರನನ್ನು ಮೊದಲೇ ತೆಗೆದುಕೊಳ್ಳಬೇಕು. ತೀರ್ಪಿನ ಫಲವೆಂದರೇನು ಎಂಬುದಕ್ಕೆ ವಿಜ್ಞಾನೇಶ್ವರನ ವಿವರಣೆ ಸ್ಪಷ್ಟವಾಗಿದೆ: ಸಾಬೀತಾದ ಹಣವನ್ನು ಎದುರುಪಕ್ಷಕ್ಕೆ ಕೊಡುವುದು ಮತ್ತು ಅರಸನಿಗೆ ದಂಡವನ್ನು ಕೊಡುವುದು. ಹೊಣೆಗಾರನೇ ಸಿಗದವನನ್ನು ಕಾವಲಿನಲ್ಲಿ ಇರಿಸಬೇಕು, ದಿನದ ಕೊನೆಗೆ ಆತ ಕಾವಲಿನ ಆಳಿಗೆ ಕೂಲಿ ಕೊಡಬೇಕು ಎಂಬ ಕಾತ್ಯಾಯನನ ಮಾತನ್ನೂ ಆತ ಎತ್ತಿಕೊಳ್ಳುತ್ತಾನೆ.

ಹೀಗೆ ವ್ಯಾಜ್ಯದ ಹೊಣೆಯೊಳಗೆ ದಂಡವೂ ಸೇರಿತ್ತು. ಈ ಏರ್ಪಾಡಿನಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಹೊಣೆಗಾರನಿಗೆ ತಾನು ದಂಡಕ್ಕೂ ಬದ್ಧನೆಂಬುದು ಮೊದಲೇ ಗೊತ್ತಿರುತ್ತದೆ. ಎರಡು, ಹೊಣೆಯನ್ನು ಇಬ್ಬರಿಂದಲೂ ಪಡೆಯಲಾಗುತ್ತದೆ. ದೂರು ಕೊಟ್ಟವನೂ ಸೋತರೆ ತೆರಬೇಕು. ಹಾಜರಿಗೆಂದು ಪಡೆದು ದಂಡಕ್ಕೆ ಬಳಸುವ ಮಾತು ಇಲ್ಲಿಲ್ಲ. ಇನ್ನು, ಹೊಣೆಗಾರನಿಲ್ಲದ ಬಡವನು ತನ್ನ ಸೆರೆಯ ಖರ್ಚನ್ನು ತಾನೇ ಹೊರಬೇಕಾದ ಕಷ್ಟವೂ ಅಷ್ಟೇ ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

3. ಕೆಳದಿಯಿಂದ ಮೈಸೂರಿನವರೆಗೆ: ಆದಾಯವಾಗಿ ದಂಡ

ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕುಗಳ ಶಾಸನಗಳು ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿ (1904) ಪ್ರಕಟವಾಗಿವೆ. ಅಂದಿನ ನಗರ ತಾಲೂಕೇ ಇಂದಿನ ಹೊಸನಗರ ತಾಲೂಕು. ಕರ್ನಾಟಕದ ಮಧ್ಯಕಾಲೀನ ದಾನಶಾಸನಗಳಲ್ಲಿ ಭೂಮಿಯ ಜೊತೆಗೆ ದಾನಿಗಳು ಬಿಟ್ಟುಕೊಡುವ ಆದಾಯಗಳ ಪಟ್ಟಿ ಬರುವುದುಂಟು. ಸುಂಕ, ತೆರಿಗೆಗಳ ಸಾಲಿನಲ್ಲಿಯೇ ದಂಡದೋಷ, ತಪ್ಪು, ಅನ್ಯಾಯ ಎಂಬ ಬಾಬುಗಳೂ ಆ ಪಟ್ಟಿಯಲ್ಲಿ ಸೇರುತ್ತವೆ. ‘ಅನ್ಯಾಯ’ವನ್ನು ದಾನ ಮಾಡುವುದೆಂದರೆ ಆ ಊರಿನಲ್ಲಿ ನಡೆದ ಅನ್ಯಾಯಕ್ಕೆ ವಿಧಿಸಿದ ದಂಡದ ಹಣವನ್ನು ಪಡೆಯುವ ಹಕ್ಕನ್ನು ದಾನ ಮಾಡುವುದು. ದಂಡವು ಶಿಕ್ಷೆಯಾಗಿರುವಂತೆ ಯಾರಿಗಾದರೂ ಸಲ್ಲುವ ಹುಟ್ಟುವಳಿಯೂ ಆಗಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ನ್ಯಾಯ ಹೇಳುವವನಿಗೇ ದಂಡದ ಆದಾಯವೂ ಸಲ್ಲುವಾಗ ಕೈಗೆ ಸಿಕ್ಕ ಹಣವನ್ನು ಯಾವ ಹೆಸರಿನಲ್ಲಾದರೂ ಉಳಿಸಿಕೊಳ್ಳುವ ಸೆಳೆತ ಸಹಜವಾಗಿಯೇ ಹುಟ್ಟುತ್ತದೆ.

1499ರಿಂದ 1763ರವರೆಗೆ ಆಳಿದ ಕೆಳದಿ ಅರಸರಲ್ಲಿ ಶಿವಪ್ಪನಾಯಕನು (1645–1660) ಭೂಮಿಯನ್ನು ಗುಣಾನುಸಾರ ವಿಂಗಡಿಸಿ ಕಂದಾಯವನ್ನು ನಿಗದಿಗೊಳಿಸಿದ. ‘ಶಿವಪ್ಪನಾಯಕನ ಶಿಸ್ತು’ ಎಂದೇ ಹೆಸರಾದ ಈ ಏರ್ಪಾಡನ್ನು ಮಲೆನಾಡಿನ ಜನ ನೆನಪಿನಲ್ಲಿ ಇಟ್ಟುಕೊಂಡದ್ದಕ್ಕೆ ಕಾರಣ ಅದರ ನಿಶ್ಚಿತತೆ. ಕೊಡಬೇಕಾದದ್ದು ಇಷ್ಟು, ಇಂಥ ಬಾಬಿಗೆ ಎಂಬುದು ಮೊದಲೇ ತಿಳಿದಿರಬೇಕೆಂಬ ನಿರೀಕ್ಷೆ ಇಲ್ಲಿ ಗಟ್ಟಿಯಾಯಿತು.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ನಂತರ ಈ ಸೀಮೆ ಮೈಸೂರಿನ ಆಡಳಿತಕ್ಕೆ ಸೇರಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ‘ಶರತು’ ಎಂಬ ಪದ್ಧತಿ ರೂಢಿಗೆ ಬಂದಿತು. ಅಮಲ್ದಾರನು ತನ್ನ ತಾಲೂಕಿನಿಂದ ಇಂತಿಷ್ಟು ಹಣ ಸಲ್ಲಿಸುವುದಾಗಿ ಸರ್ಕಾರಕ್ಕೆ ಬರೆದುಕೊಡುತ್ತಿದ್ದ. ಕಡಿಮೆ ಬಿದ್ದರೆ ತಾನು ತುಂಬಬೇಕಾದ್ದರಿಂದ ಆ ಭಾರವನ್ನು ರೈತನ ಮೇಲೆ ಹಾಕುತ್ತಿದ್ದ. ಹೊಣೆಯ ಕಲ್ಪನೆ ಇಲ್ಲಿ ತಲೆಕೆಳಗಾಯಿತು. ಮೇಲಿನವನು ಕೊಟ್ಟ ಮಾತಿಗೆ ಕೆಳಗಿನವನು ಹಣ ತೆರುವಂತಾಯಿತು. 1830–31ರ ನಗರದ ರೈತದಂಗೆಗೆ ಕಾರಣವಾದ ಅಸಮಾಧಾನಗಳಲ್ಲಿ ಕಂದಾಯ ವಸೂಲಿಯ ಈ ಕ್ರಮವೂ ಸೇರಿದೆ. ದಂಗೆಯ ಫಲವಾಗಿ 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನ್ನಿನ ಕೈಸೇರಿತು. ಮಲೆನಾಡಿನ ಒಕ್ಕಲು ಮಕ್ಕಳಿಗೆ ‘ಜಾಮೀನು’, ‘ಮುಚ್ಚಳಿಕೆ’ಗಳು ಪರಿಚಯವಾದದ್ದು ಹೀಗೆ ಕಂದಾಯದ ಕಚೇರಿಯಲ್ಲಿ, ಕೊಡಬೇಕಾದ ಹಣದ ಸಂದರ್ಭದಲ್ಲಿ. ಕ್ರಿಮಿನಲ್ ನ್ಯಾಯಾಲಯದಲ್ಲಿ ಅದೇ ಪದ ‘ಬರುತ್ತೇನೆ’ ಎಂಬ ಭರವಸೆಯ ಅರ್ಥದಲ್ಲಿ ಬಂದಾಗಲೂ ಹಳೆಯ ಅರ್ಥದ ನೆರಳು ಅದರ ಹಿಂದೆ ಉಳಿಯಿತು. ಜಾಮೀನಿಗೆ ಕಟ್ಟಿದ ಹಣ ಸರ್ಕಾರಕ್ಕೆ ಹೋದ ಹಣವೇ ಸರಿ ಎಂಬ ಭಾವನೆಯ ಬೇರು ಇಲ್ಲಿದೆ.

4. ಜನಪದದ ನೋಟ: ಮುಡಿಪು, ತಪ್ಪುಕಾಣಿಕೆ, ಪುಣ್ಯಕೋಟಿ

ರಾಜಸಭೆಯ ನ್ಯಾಯದ ಜೊತೆಜೊತೆಗೆ ಈ ಸೀಮೆಯಲ್ಲಿ ದೈವದ ಮುಂದಿನ ನ್ಯಾಯವೂ ನಡೆದುಬಂದಿದೆ. ಕಷ್ಟಕಾಲದಲ್ಲಿ ದೇವರಿಗೆ ಹರಕೆ ಹೊತ್ತು ನಾಣ್ಯವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ದೇವರ ಕೋಣೆಯಲ್ಲಿ ಇಡುವುದನ್ನು ‘ಮುಡಿಪು ಕಟ್ಟುವುದು’ ಎನ್ನುತ್ತಾರೆ. ಮುಡಿಪು ಕಟ್ಟಿದ ಹಣ ಮನೆಯೊಳಗೇ ಇದ್ದರೂ ಮನೆಯದಲ್ಲ. ಮನೆಯಲ್ಲಿ ಎಷ್ಟೇ ಅಡಚಣೆ ಬಂದರೂ ಅದನ್ನು ಬಿಚ್ಚಿ ಇನ್ನೊಂದು ಖರ್ಚಿಗೆ ಬಳಸಬಾರದು. ಒಂದು ದೈವಕ್ಕೆ ಕಟ್ಟಿದ್ದನ್ನು ಇನ್ನೊಂದು ದೈವಕ್ಕೆ ಒಪ್ಪಿಸುವುದೂ ತಪ್ಪು. ಹರಕೆ ಸಲ್ಲಿಸಲು ತಡವಾದರೆ ಅಥವಾ ನಡವಳಿಕೆಯಲ್ಲಿ ಲೋಪವಾದರೆ ಸಲ್ಲಿಸುವುದು ‘ತಪ್ಪುಕಾಣಿಕೆ’. ಅದು ಮುಡಿಪಿನ ಒಳಗಿನದಲ್ಲ, ಅದರ ಮೇಲಿನದು. ಮುಡಿಪಿನ ಗಂಟಿನಿಂದಲೇ ತಪ್ಪುಕಾಣಿಕೆಯನ್ನು ಎಣಿಸಿಕೊಡುವ ರೂಢಿಯಿಲ್ಲ.

ಮಾತಿಗೆ ಕಟ್ಟಿದ ಹಣ ಬೇರೆ, ತಪ್ಪಿಗೆ ತೆರುವ ಹಣ ಬೇರೆ ಎಂಬ ವಿವೇಕ ಮುಡಿಪಿನ ಆಚರಣೆಯಲ್ಲಿ ಅಡಕವಾಗಿದೆ. ನ್ಯಾಯಾಲಯದ ಭಾಷೆಯಲ್ಲಿ ಹೇಳುವುದಾದರೆ ಜಾಮೀನು ಮತ್ತು ದಂಡಗಳ ಭೇದ ಇದೇ. ಸಾಗರ ತಾಲೂಕಿನ ಸಿಗಂದೂರು ಚೌಡೇಶ್ವರಿಯು ಕಳ್ಳತನ, ಮೋಸಗಳ ದೂರನ್ನು ಕೇಳುವ ದೇವಿಯೆಂದು ಖ್ಯಾತಳಾಗಿರುವುದನ್ನೂ, ಅಡಿಕೆ ತೋಟ, ಮನೆಗಳಿಗೆ ದೇವಿಯ ಕಾವಲಿದೆ ಎಂದು ಸಾರುವ ಫಲಕಗಳು ಸುತ್ತಲಿನ ಊರುಗಳಲ್ಲಿ ಕಾಣುವುದನ್ನೂ ಇಲ್ಲಿ ನೆನೆಯಬಹುದು. ನ್ಯಾಯದ ಹುಡುಕಾಟದಲ್ಲಿ ನ್ಯಾಯಾಲಯಕ್ಕೂ ದೈವಕ್ಕೂ ಏಕಕಾಲದಲ್ಲಿ ಮೊರೆಹೋಗುವ ಸಮಾಜದಲ್ಲಿ ಒಂದರ ನಿಯಮವನ್ನು ಇನ್ನೊಂದರಲ್ಲಿ ನಿರೀಕ್ಷಿಸುವುದು ಸಹಜ.

ಕುಲಪಂಚಾಯಿತಿಗಳ ಕ್ರಮ ಇದಕ್ಕಿಂತ ಭಿನ್ನ. ಕರ್ನಾಟಕದ ಹಲವು ಸಮುದಾಯಗಳಲ್ಲಿ ಕಟ್ಟೆಯ ಮೇಲೆ ನ್ಯಾಯ ಸೇರುವಾಗ ಎರಡೂ ಪಕ್ಷದವರು ಮೊದಲೇ ಹಣ ಇಡುವುದು, ಸೋತವನ ಹಣವನ್ನು ತಪ್ಪಿನ ಬಾಬಿಗೆ ಹಿಡಿದುಕೊಳ್ಳುವುದು ಉಂಟು. ಆ ಹಣದಲ್ಲಿ ದೇವರ ಕಾರ್ಯವೋ ಕುಲದ ಊಟವೋ ನಡೆಯುತ್ತದೆ. ಇದು ಮಿತಾಕ್ಷರೆಯು ಹೇಳುವ ಉಭಯಪಕ್ಷದ ಹೊಣೆಗೆ ಹತ್ತಿರವಾದದ್ದು. ಇಟ್ಟ ಹಣವೇ ದಂಡವಾಗಿ ಪರಿಣಮಿಸುವುದು ಇಲ್ಲಿ ಅನ್ಯಾಯವೆನಿಸುವುದಿಲ್ಲ. ಏಕೆಂದರೆ ನಿಯಮ ಮೊದಲೇ ಎಲ್ಲರಿಗೂ ತಿಳಿದಿದೆ, ಎರಡೂ ಕಡೆಗೆ ಸಮನಾಗಿದೆ, ಹಣವು ಮತ್ತೆ ಸಮುದಾಯಕ್ಕೇ ಸಲ್ಲುತ್ತದೆ. ಆದರೆ ಕುಲಪಂಚಾಯಿತಿಯು ದುರ್ಬಲರ ಮೇಲೆ, ವಿಶೇಷವಾಗಿ ಹೆಂಗಸರ ಮೇಲೆ, ಹೊರಿಸಿದ ದಂಡಗಳನ್ನೂ ಬಹಿಷ್ಕಾರಗಳನ್ನೂ ಮರೆತು ಅದನ್ನು ಆದರ್ಶವೆಂದು ಕರೆಯುವುದು ಸಾಧ್ಯವಿಲ್ಲ.

ಹೊಣೆಯ ಮೂರನೆಯ ಮಾದರಿಯೊಂದು ಕನ್ನಡ ಜನಪದದಲ್ಲಿದೆ. ಗೋವಿನ ಹಾಡಿನ ಪುಣ್ಯಕೋಟಿಯು ಹುಲಿಗೆ ಮಾತುಕೊಟ್ಟು, ಕರುವಿಗೆ ಹಾಲೂಡಿಸಿ, ಅದನ್ನು ಬಳಗದ ಹಸುಗಳಿಗೆ ಒಪ್ಪಿಸಿ ಮರಳಿ ಬರುತ್ತದೆ. ಆಸ್ತಿಯಿಲ್ಲದ, ಅಡವಿಡಲು ಏನೂ ಇಲ್ಲದ ಹಸು ಕೊಟ್ಟದ್ದು ಮಾತು ಮಾತ್ರ. ಇಂದಿನ ಕಾನೂನಿನಲ್ಲಿ ಇದಕ್ಕೆ ಸ್ವಂತ ಮುಚ್ಚಳಿಕೆಯ ಮೇಲಿನ ಬಿಡುಗಡೆ ಎನ್ನಬೇಕು. ಜಾಮೀನಿನ ತಿರುಳು ಮರಳಿ ಬರುವುದರಲ್ಲಿದೆಯೇ ಹೊರತು ಇಟ್ಟ ಬೆಲೆಯಲ್ಲಿಲ್ಲ ಎಂಬುದನ್ನು ಈ ಕಥನ ಕನ್ನಡಿಗರ ಪ್ರತಿ ಮನೆಗೂ ತಲುಪಿಸಿದೆ. ಹಾಡಿನ ಹೊರಗಿನ ಜಗತ್ತು ಹಸುವಿನ ಮಾತನ್ನು ಹುಲಿಯಷ್ಟು ಬೇಗ ನಂಬಲಿಲ್ಲ.

5. ಸಂಹಿತೆಯ ಗೆರೆ

ಬ್ರಿಟಿಷ್ ಭಾರತದ 1898ರ ದಂಡ ಪ್ರಕ್ರಿಯಾ ಸಂಹಿತೆಯು ಜಾಮೀನನ್ನು ಹಾಜರಿಗೆ ಮಾತ್ರ ಕಟ್ಟಿತು. ಮೈಸೂರು ಸಂಸ್ಥಾನ ತನ್ನದೇ ಸಂಹಿತೆಯನ್ನು ಇದೇ ಮಾದರಿಯಲ್ಲಿ ಹೊಂದಿತ್ತು. ಸ್ವಾತಂತ್ರ್ಯಾನಂತರ ಮೈಸೂರು ‘ಬಿ’ ಭಾಗದ ರಾಜ್ಯವಾದಾಗ ಕೇಂದ್ರದ ತಿದ್ದುಪಡಿ ಕಾಯಿದೆಯ ಮೂಲಕ 1951ರ ಏಪ್ರಿಲ್ 1ರಿಂದ ಅಖಿಲ ಭಾರತ ಸಂಹಿತೆ ಇಲ್ಲಿಗೂ ಅನ್ವಯವಾಯಿತು. ಅದರ ಸ್ಥಾನದಲ್ಲಿ 1973ರ ಸಂಹಿತೆಯೂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂದಿವೆ. ಪ್ರಕರಣದ ಸಂಖ್ಯೆಗಳು ಬದಲಾದರೂ ತತ್ತ್ವ ಬದಲಾಗಿಲ್ಲ.

ಈ ತತ್ತ್ವವನ್ನು ನಾಲ್ಕು ಕಲಮುಗಳಲ್ಲಿ ಗುರುತಿಸಬಹುದು. ಮೊದಲನೆಯದಾಗಿ, ಮುಚ್ಚಳಿಕೆ ಬರೆದುಕೊಡುವುದರ ಬದಲಿಗೆ ನಗದು ಠೇವಣಿ ಇಡಲು ನ್ಯಾಯಾಲಯ ಅನುಮತಿ ಕೊಡಬಹುದು (1973ರ ಸಂಹಿತೆಯ 445, ಈಗಿನ 490ನೆಯ ಕಲಂ). ಅಂದರೆ ಠೇವಣಿಯು ಮುಚ್ಚಳಿಕೆಯ ಬದಲಿ; ಮುಚ್ಚಳಿಕೆ ಯಾವ ಮಾತಿಗೆ ಕಟ್ಟುಬಿದ್ದಿದೆಯೋ ಠೇವಣಿಯೂ ಅದಕ್ಕೇ ಕಟ್ಟುಬಿದ್ದದ್ದು. ಎರಡನೆಯದಾಗಿ, ಮುಚ್ಚಳಿಕೆಯ ಷರತ್ತು ಮುರಿದಾಗ ಕಾರಣ ಕೇಳಿ, ಬಳಿಕ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು; ಅದರಲ್ಲಿ ಒಂದು ಭಾಗವನ್ನು ಬಿಟ್ಟುಕೊಡುವ ಅಧಿಕಾರವೂ ನ್ಯಾಯಾಲಯಕ್ಕಿದೆ (446, ಈಗಿನ 491). ಮೂರನೆಯದಾಗಿ, ದಂಡವನ್ನು ವಸೂಲು ಮಾಡಲು ಪ್ರತ್ಯೇಕ ಮಾರ್ಗವಿದೆ: ಅಪರಾಧಿಯ ಚರಾಸ್ತಿಯನ್ನು ಜಪ್ತಿ ಮಾಡಿ ಮಾರುವ, ಅಥವಾ ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸುವ ವಾರಂಟು (421, ಈಗಿನ 461). ಅದು ಅಪರಾಧಿಯ ಆಸ್ತಿಗೆ ಮಾತ್ರ ತಾಗುವ ವಾರಂಟು, ಆತನಿಗಾಗಿ ಹೊಣೆ ನಿಂತವನ ಆಸ್ತಿಗಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಬೋಧಪ್ರದವಾದದ್ದು. ದಂಡವೊಂದನ್ನೇ ವಿಧಿಸಿ, ಕಟ್ಟದಿದ್ದರೆ ಸೆರೆವಾಸವೆಂದು ಹೇಳಿದಾಗ, ಕೂಡಲೇ ಹಣ ಹೊಂದಿಸಲಾಗದವನಿಗೆ ಮೂವತ್ತು ದಿನಗಳ ಗಡುವನ್ನಾಗಲಿ ಕಂತುಗಳನ್ನಾಗಲಿ ಕೊಟ್ಟು ಬಿಡುಗಡೆ ಮಾಡಬಹುದು (424, ಈಗಿನ 464). ಆಗಲೂ ಅವನಿಂದ ಪಡೆಯುವ ಮುಚ್ಚಳಿಕೆ ದಂಡ ಕಟ್ಟುವ ದಿನ ಹಾಜರಾಗುವುದಕ್ಕೆ, ದಂಡಕ್ಕಲ್ಲ. ದಂಡದ ಬಾಗಿಲಲ್ಲಿ ನಿಂತಿರುವಾಗಲೂ ಹೊಣೆಯನ್ನು ಹಾಜರಿಗೆ ಸೀಮಿತಗೊಳಿಸಿರುವ ಈ ಎಚ್ಚರ ಗಮನಾರ್ಹ.

ಇದರಿಂದ ಹೊರಡುವ ನಿಲುವೆಂದರೆ, ವಾಯಿದೆ ತಪ್ಪದೆ ಹಾಜರಾದವನ ಠೇವಣಿ ಪ್ರಕರಣ ಮುಗಿದ ಮೇಲೆ ಮರಳಿ ಸಲ್ಲಬೇಕಾದದ್ದು, ಆತ ತಪ್ಪಿತಸ್ಥನೆಂದು ತೀರ್ಮಾನವಾದರೂ ಸಹ. ಹಣ ಇಟ್ಟವನೇ ತನ್ನ ಠೇವಣಿಯನ್ನು ದಂಡಕ್ಕೆ ಹಿಡಿದುಕೊಳ್ಳಿರೆಂದು ಕೇಳಿಕೊಂಡರೆ ಅದು ಬೇರೆ ಮಾತು. ಅದು ಅವನ ಇಚ್ಛೆ. ಇಟ್ಟವನು ಒಬ್ಬ, ದಂಡಕ್ಕೆ ಗುರಿಯಾದವನು ಇನ್ನೊಬ್ಬನಾದಾಗ ಈ ಭೇದದ ಬೆಲೆ ತಿಳಿಯುತ್ತದೆ. ಮಲೆನಾಡಿನಲ್ಲಿ ಕೈಯಲ್ಲಿ ನಗದು ಓಡಾಡುವುದು ಅಡಿಕೆಯ ಸುಗ್ಗಿಯ ನಂತರದ ಕೆಲವು ತಿಂಗಳು. ಉಳಿದ ಕಾಲದಲ್ಲಿ ಠೇವಣಿಗೆ ಬೇಕಾದ ಹಣ ಭಾವನದೋ, ನೆರೆಯವನದೋ, ಮಂಡಿಯ ಮುಂಗಡದ್ದೋ ಆಗಿರುವುದು ಸ್ವಾಭಾವಿಕ. ಆ ಹಣವನ್ನು ದಂಡಕ್ಕೆ ಮುರಿದುಕೊಂಡರೆ ಒಬ್ಬನ ಅಪರಾಧಕ್ಕೆ ಇನ್ನೊಬ್ಬ ದಂಡ ತೆತ್ತಂತಾಗುತ್ತದೆ.

6. ಕಾಗೋಡು: ಹೊಣೆ ನಿಲ್ಲಲು ನೆಲವಿಲ್ಲದವರು

ಹಾಜರಿ ಮತ್ತು ದಂಡಗಳ ನಡುವಿನ ಗೆರೆ ಕಾನೂನಿನಲ್ಲಿ ಎಷ್ಟೇ ನೇರವಾಗಿದ್ದರೂ ಹೊಣೆ ನಿಲ್ಲುವವನಿಗೆ ಆಸ್ತಿಯಿರಬೇಕೆಂಬ ನಿರೀಕ್ಷೆ ಅದರ ಬುಡದಲ್ಲಿದೆ. ಆಸ್ತಿಯೆಂದರೆ ಭೂಮಿ, ಭೂಮಿಗೆ ಪುರಾವೆಯೆಂದರೆ ದಾಖಲೆ. ಉಳುವ ಕೈಯೂ ದಾಖಲೆಯ ಹೆಸರೂ ಬೇರೆಬೇರೆಯಾಗಿದ್ದ ಸೀಮೆಯಲ್ಲಿ ಇದರ ಪರಿಣಾಮವೇನು ಎಂಬುದಕ್ಕೆ ಸಾಗರ ತಾಲೂಕಿನ ಕಾಗೋಡು ಉತ್ತರ ಕೊಡುತ್ತದೆ.

ಕಾಗೋಡಿನ ಗೇಣಿದಾರರಲ್ಲಿ ಬಹುಪಾಲು ಜನ ದೀವರ ಸಮುದಾಯದವರು. ಗೇಣಿಯ ಭತ್ತವನ್ನು ಅಳೆಯಲು ಭೂಮಾಲೀಕರು ಬಳಸುತ್ತಿದ್ದ ಕೊಳಗವು ನಿಗದಿತ ಅಳತೆಗಿಂತ ದೊಡ್ಡದೆಂಬುದು ಅವರ ಮೂಲ ತಕರಾರು. ಎಚ್. ಗಣಪತಿಯಪ್ಪನವರು ಕಟ್ಟಿದ ಸಾಗರ ತಾಲೂಕು ರೈತಸಂಘದ ನೇತೃತ್ವದಲ್ಲಿ 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಅಖಿಲ ಭಾರತ ಸಂಹಿತೆ ಈ ನೆಲಕ್ಕೆ ಬಂದು ಆಗ ಮೂರು ವಾರವೂ ಆಗಿರಲಿಲ್ಲ. ನೇಗಿಲು ಹೊತ್ತು ಗದ್ದೆಗೆ ಇಳಿದ ರೈತರು ತಂಡತಂಡವಾಗಿ ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಹೋರಾಟದ ಜೊತೆ ನಿಂತರು. ಅದೇ ವರ್ಷದ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಕಾಗೋಡಿಗೆ ಬಂದು ಬಂಧಿತರಾದರು. 1952ರ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು.

ಜಾಮೀನಿನ ದೃಷ್ಟಿಯಿಂದ ಈ ಹೋರಾಟವನ್ನು ನೋಡಿದಾಗ ಒಂದು ವಿಪರ್ಯಾಸ ಗೋಚರಿಸುತ್ತದೆ. ಗೇಣಿದಾರನು ಉಳುವ ಭೂಮಿ ಒಡೆಯನದು. ಒಡೆಯನ ವಿರುದ್ಧ ನಿಂತು ಬಂಧಿತನಾದ ಗೇಣಿದಾರನಿಗೆ ಹೊಣೆಯಾಗಬಲ್ಲ ಆಸ್ತಿವಂತನೆಂದರೆ ಊರಿನಲ್ಲಿ ಆ ಒಡೆಯನೇ, ಇಲ್ಲವೇ ಅವನಂಥ ಇನ್ನೊಬ್ಬ. ನೆರೆಯ ಗೇಣಿದಾರನಿಗೆ ಹೊಣೆ ಹೊರುವ ಮನಸ್ಸಿದ್ದರೂ ತೋರಿಸಲು ನೆಲವಿಲ್ಲ. ಭಾಷೆಯ ಹೊಣೆ ಮನುಷ್ಯನನ್ನು ಕೇಳಿದರೆ ಕಚೇರಿಯ ಜಾಮೀನು ದಾಖಲೆಯನ್ನು ಕೇಳುತ್ತದೆ. ಗಾಂಧೀಯ ಸತ್ಯಾಗ್ರಹದ ಪರಂಪರೆಯು ಜಾಮೀನನ್ನೂ ಕೇಳುವುದಿಲ್ಲ, ದಂಡವನ್ನೂ ಕಟ್ಟುವುದಿಲ್ಲ ಎಂಬ ನಿಲುವನ್ನು ರೂಪಿಸಿಕೊಂಡಿತ್ತು. ಈ ನಿಲುವಿನ ನೈತಿಕ ಅರ್ಥ ಎಲ್ಲರಿಗೂ ತಿಳಿದದ್ದೇ. ಆಸ್ತಿಯಿಲ್ಲದವರಿಗೆ ಅದರಲ್ಲಿ ಇನ್ನೊಂದು ಬಲವೂ ಇತ್ತು: ಹಣ ಇಡದವನಿಂದ ಮುರಿದುಕೊಳ್ಳುವುದಕ್ಕೆ ಏನೂ ಇರುವುದಿಲ್ಲ.

ಆಸ್ತಿಯಿದ್ದವರು ಇದೇ ನಿಲುವಿಗೆ ತೆತ್ತ ಬೆಲೆ ಸಾಗರದ ಗಡಿಗೆ ಹೊಂದಿಕೊಂಡ ಸಿದ್ದಾಪುರ ಸೀಮೆಯಲ್ಲಿ ಕಾಣುತ್ತದೆ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ ಕರನಿರಾಕರಣೆ ಮಾಡಿದ ರೈತರ ಜಮೀನು, ಜಾನುವಾರುಗಳು ಜಪ್ತಿಗೊಂಡು ಹರಾಜಾದವು. 1932ರಲ್ಲಿ ಜೋಗಕ್ಕೆ ಸಮೀಪದ ಮಾವಿನಗುಂಡಿಯಲ್ಲಿ ಮಹಿಳೆಯರು ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಉಪವಾಸ ಕುಳಿತರು. ಸರ್ಕಾರವು ಬಾಕಿಗೆಂದು ಎತ್ತಿದ ಸ್ವತ್ತನ್ನು ನೆರೆಯವನು ಕೊಳ್ಳುವುದು ಕಾನೂನಿಗೆ ಸರಿಯಿದ್ದರೂ ಊರಿನ ನ್ಯಾಯಕ್ಕೆ ಸರಿಯಲ್ಲ ಎಂಬುದು ಅವರ ವಾದ. ಹಣ ಅಥವಾ ಸ್ವತ್ತು ಯಾವ ಹೆಸರಿನಲ್ಲಿ ಕೈಬದಲಾಯಿತು ಎಂಬುದಕ್ಕೆ ಜನರು ಎಷ್ಟು ಮಹತ್ವ ಕೊಡುತ್ತಿದ್ದರೆಂಬುದಕ್ಕೆ ಇದು ನಿದರ್ಶನ.

7. ಪಹಣಿಯ ಹೆಸರು ಮತ್ತು ನಂತರದ ದಿನಗಳು

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು. ದೇವರಾಜ ಅರಸು ಅವರ ಸರ್ಕಾರದ ಈ ಕಾಯಿದೆಯ ಅಡಿಯಲ್ಲಿ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಗಳ ಮೂಲಕ ಅಧಿಭೋಗದ ಹಕ್ಕು ಪಡೆದರು. ಪಹಣಿಯ 12ನೆಯ ಕಲಮಿನಲ್ಲಿ ಸಾಗುವಳಿದಾರನಾಗಿದ್ದವನ ಹೆಸರು ಮಾಲೀಕನ 9ನೆಯ ಕಲಮಿಗೆ ಏರಿತು. ಈ ಬದಲಾವಣೆಯ ಆರ್ಥಿಕ, ರಾಜಕೀಯ ಪರಿಣಾಮಗಳನ್ನು ಅನೇಕರು ಚರ್ಚಿಸಿದ್ದಾರೆ. ಅದರ ಇನ್ನೊಂದು ಪರಿಣಾಮವೆಂದರೆ ನಿನ್ನೆಯ ಗೇಣಿದಾರ ಇಂದು ಪಹಣಿ ಹಿಡಿದು ನ್ಯಾಯಾಲಯದಲ್ಲಿ ಇನ್ನೊಬ್ಬನಿಗೆ ಹೊಣೆ ನಿಲ್ಲಬಲ್ಲವನಾದುದು. ಮಾತು ಕೊಡುವ ಹಕ್ಕು ಅವನಿಗೆ ಮೊದಲೂ ಇತ್ತು. ಆ ಮಾತನ್ನು ಕಚೇರಿ ನಂಬುವಂತಾದದ್ದು ಪಹಣಿಯಲ್ಲಿ ಹೆಸರು ಬಂದ ಮೇಲೆ. ಅಧಿಭೋಗದ ಹಕ್ಕು ಸಿಗದವರಿಗೆ, ಕೃಷಿ ಕೂಲಿಗಳಿಗೆ, ಸಾಗುವಳಿ ಚೀಟಿಯಿಲ್ಲದೆ ಬಗರ್‌ಹುಕುಂ ಉಳುವವರಿಗೆ ಈ ಬಾಗಿಲು ಇನ್ನೂ ಪೂರ್ತಿ ತೆರೆದಿಲ್ಲ.

ಆಸ್ತಿಯಿಲ್ಲದವನ ಜಾಮೀನಿನ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವು 1978ರ ಮೋತಿರಾಮ್ ಪ್ರಕರಣದಲ್ಲಿ ಎತ್ತಿಕೊಂಡಿತು. ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರನೊಬ್ಬನಿಂದ 10,000 ರೂಪಾಯಿಯ ಜಾಮೀನು ಕೇಳಿದ್ದಲ್ಲದೆ, ಹೊಣೆಗೆ ಮುಂದಾದ ಅವನ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಕೆಳ ನ್ಯಾಯಾಲಯ ನಿರಾಕರಿಸಿತ್ತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಈ ನಿಲುವನ್ನು ತಳ್ಳಿಹಾಕಿ, ಸ್ವಂತ ಮುಚ್ಚಳಿಕೆಯ ಮೇಲಿನ ಬಿಡುಗಡೆಯೂ ಜಾಮೀನೇ ಎಂದು ವಿವರಿಸಿದರು. ಜಾಮೀನು ನೀಡಬಹುದಾದ ಅಪರಾಧದಲ್ಲಿ ಒಂದು ವಾರದೊಳಗೆ ಹೊಣೆ ಒದಗಿಸಲಾಗದವನನ್ನು ನಿರ್ಗತಿಕನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂಬ ವಿವರಣೆ 2005ರ ತಿದ್ದುಪಡಿಯಿಂದ ಸಂಹಿತೆಗೆ ಸೇರಿತು. 2023ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ವಿಚಾರಣಾಧೀನ ಕೈದಿಯ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷಿತನ ದಂಡಕ್ಕೆ 25,000 ರೂಪಾಯಿವರೆಗೆ ನೆರವು ಬೇರೆಬೇರೆಯಾಗಿಯೇ ನಿಗದಿಯಾಗಿತ್ತು. ಸಹಾಯ ಕೊಡುವಾಗಲೂ ಎರಡು ಲೆಕ್ಕಗಳನ್ನು ಬೆರೆಸಿಲ್ಲ ಎಂಬುದು ಗಮನಾರ್ಹ.

ಗೆರೆಯನ್ನು ಅಳಿಸಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕೆಲವು ರಾಜ್ಯಗಳು ಉದಾಹರಣೆಯಾಗಿವೆ. ಫ್ಲೋರಿಡಾ ರಾಜ್ಯದ ಶಾಸನವು ನಗದು ಜಾಮೀನನ್ನು ಮರಳಿಸುವಾಗ ಆರೋಪಿ ಕೊಡಬೇಕಾದ ದಂಡ, ಶುಲ್ಕ, ಖರ್ಚುಗಳನ್ನು ಅದರಿಂದ ಕಳೆಯಬೇಕೆನ್ನುತ್ತದೆ. ಹಣ ಇಟ್ಟವರು ಬೇರೆಯವರಾದರೂ ಸರಿಯೇ. ಇಲಿನಾಯ್ ರಾಜ್ಯವು 1963ರಲ್ಲಿ ಖಾಸಗಿ ಜಾಮೀನು ವ್ಯಾಪಾರವನ್ನು ತಪ್ಪಿಸಲು ನಿಗದಿತ ಮೊತ್ತದ ಹತ್ತನೆಯ ಒಂದು ಭಾಗವನ್ನು ಮಾತ್ರ ಠೇವಣಿ ಇಡುವ ಸುಧಾರಣೆ ತಂದಿತು. ಆದರೆ ಆ ಠೇವಣಿಯಲ್ಲಿ ಹತ್ತನೆಯ ಒಂದು ಭಾಗವನ್ನು ಆಡಳಿತದ ಖರ್ಚಿಗೆಂದು, ಖುಲಾಸೆಯಾದವನಿಂದಲೂ, ಹಿಡಿದುಕೊಳ್ಳುತ್ತಿತ್ತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಇದನ್ನು ಎತ್ತಿಹಿಡಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಇಲಿನಾಯ್ ನಗದು ಜಾಮೀನನ್ನೇ ಸಂಪೂರ್ಣವಾಗಿ ಕೈಬಿಟ್ಟಿತು. ದಂಡ, ಶುಲ್ಕಗಳು ನ್ಯಾಯಾಲಯದ ಆದಾಯವಾದ ಕಡೆ ಜಾಮೀನಿನ ಹಣವೂ ಆ ಆದಾಯದ ಮುಂಗಡವಾಗಿಬಿಡುತ್ತದೆ. ಮಧ್ಯಕಾಲೀನ ದಾನಶಾಸನಗಳ ‘ಅನ್ಯಾಯ’ದ ಬಾಬಿಗೂ ಇದಕ್ಕೂ ಇರುವ ಸಾಮ್ಯ ವಿಚಾರಾರ್ಹ.

ಉಪಸಂಹಾರ

ಒಟ್ಟಾರೆ ಪರಿಶೀಲನೆಯಿಂದ ಹೊಣೆ ಮತ್ತು ದಂಡಗಳ ಸಂಬಂಧ ಎರಡು ರೀತಿಯಲ್ಲಿ ಬೆಳೆದುಬಂದಿರುವುದು ಸ್ಪಷ್ಟವಾಗುತ್ತದೆ. ಮಿತಾಕ್ಷರೆಯ ವ್ಯಾಜ್ಯದ ಹೊಣೆ ಮತ್ತು ಕುಲಪಂಚಾಯಿತಿಯ ಠೇವಣಿಗಳಲ್ಲಿ ದಂಡವೂ ಸೇರಿತ್ತು. ಆದರೆ ಅಲ್ಲಿ ಅದು ಮೊದಲೇ ಒಪ್ಪಿತವಾದದ್ದು, ಇಬ್ಬರಿಗೂ ಸಮನಾದದ್ದು. ದರ್ಶನದ ಹೊಣೆ, ಮುಡಿಪು ಮತ್ತು ಆಧುನಿಕ ಸಂಹಿತೆಗಳಲ್ಲಿ ಒಂದು ಮಾತಿಗೆ ಕಟ್ಟಿದ್ದು ಆ ಮಾತಿಗೇ ಸಲ್ಲುತ್ತದೆ. ಈ ಎರಡರಲ್ಲಿ ಯಾವುದೂ ಒಂದು ಹೆಸರಿನಲ್ಲಿ ಪಡೆದ ಹಣವನ್ನು ಇನ್ನೊಂದು ಹೆಸರಿನಲ್ಲಿ ಉಳಿಸಿಕೊಳ್ಳುವುದನ್ನು ಒಪ್ಪುವುದಿಲ್ಲ.

ಮಲೆನಾಡಿನ ಚರಿತ್ರೆಯಲ್ಲಿ ರೈತರು ಮತ್ತೆಮತ್ತೆ ಎತ್ತಿದ ತಕರಾರೂ ಇದೇ ಜಾತಿಯದು. ಶಿಸ್ತಿನ ನಿಶ್ಚಿತತೆಯನ್ನು ನೆನೆದದ್ದು, ಶರತಿನ ವಸೂಲಿಯನ್ನು ಪ್ರತಿಭಟಿಸಿದ್ದು, ಕಾಗೋಡಿನಲ್ಲಿ ಕೊಳಗದ ಅಳತೆಯನ್ನು ಪ್ರಶ್ನಿಸಿದ್ದು, ಇವೆಲ್ಲವುಗಳ ಹಿಂದೆ ಹೇಳಿದ ಲೆಕ್ಕಕ್ಕಿಂತ ಹೆಚ್ಚು ಅಳೆದುಕೊಳ್ಳಬಾರದು ಎಂಬ ಒಂದೇ ನ್ಯಾಯವಿದೆ. ಹಾಜರಿಗೆಂದು ಇಟ್ಟ ಜಾಮೀನಿನ ಹಣಕ್ಕೂ ಅದೇ ನ್ಯಾಯ ಸಲ್ಲತಕ್ಕದ್ದು. ಹೊಣೆಗಾರ ಹೊತ್ತದ್ದು ಕರೆದ ದಿನ ಬರುವನೆಂಬ ಮಾತಿನ ಭಾರವನ್ನು. ಆರೋಪಿ ಬಂದು ನಿಂತ ಕ್ಷಣದಲ್ಲಿ ಆ ಭಾರ ಇಳಿದಿರುತ್ತದೆ. ಅನಂತರ ಬರುವ ದಂಡ ಅಪರಾಧ ಮಾಡಿದವನದು, ಹೊಣೆ ನಿಂತವನದಲ್ಲ.